ಅತ್ತೆಯನ್ನು ಕೇಳಿ ತಂದ ಹಿಮ

ಕಲೀನಾದಲ್ಲಿ ನವೆಂಬರಿನ ಮೊದಲ ಗಟ್ಟಿ ಹಿಮ ಬಿದ್ದ ಬೆಳಿಗ್ಗೆ ಊರಿಗೆ ಊರೇ ಗೊಣಗುತ್ತದೆ. ಕಾರಿದ್ದವರು ಟೈರು ಬದಲಾಯಿಸಬೇಕೆಂದು ಗೊಣಗುತ್ತಾರೆ, ಮುದುಕರು ಮಂಡಿ ಹಿಡಿದುಕೊಂಡು ಗೊಣಗುತ್ತಾರೆ, ಅಂಚೆ ಹಂಚುವವಳು ಇನ್ನು ಏಪ್ರಿಲ್‌ವರೆಗೆ ಇದೇ ಬೂಟು ಎಂದು ಗೊಣಗುತ್ತಾಳೆ. ಪರಾಸ್ಕಾ ಹ್ನಾತ್ಯುಕ್ ಒಬ್ಬಳು ಮಾತ್ರ ರಾತ್ರಿಯ ಅಂಗಿಯ ಮೇಲೆ ಗಂಡನ ಕೋಟು ಹಾಕಿಕೊಂಡು, ಹಿತ್ತಿಲ ಬಾಗಿಲು ತೆಗೆದು ಹೊಸ್ತಿಲಲ್ಲಿ ನಿಂತು, "ಬಂದ್ಯಾ? ಬಾ, ಬಾ. ಈ ಸಲ ಎಷ್ಟು ಕಾಯಿಸಿಬಿಟ್ಟೆ!" ಎಂದು ದೂರದ ಊರಿನಿಂದ ಬಂದ ತಂಗಿಯನ್ನು ಒಳಗೆ ಕರೆಯುವವಳ ಹಾಗೆ ಹಿಮವನ್ನು ಕರೆಯುತ್ತಾಳೆ.

ಆಕೆಗೆ ಹಿಮವೆಂದರೆ ಹೊದಿಕೆ. ಮ್ಯಾನಿಟೋಬಾದ ಬಯಲಿನಲ್ಲಿ ತೋಟ ಮಾಡುವ ಯಾರನ್ನು ಕೇಳಿದರೂ ಈ ಮಾತು ಹೇಳುತ್ತಾರೆ. ಆದರೆ ಪರಾಸ್ಕಾ ಅದನ್ನು ಕಣ್ಣಾರೆ ಕಂಡು ಕಲಿತವಳು. ಮದುವೆಯಾಗಿ ಈ ಮನೆಗೆ ಬಂದ ಮೊದಲ ಚಳಿಗಾಲದಲ್ಲಿ ಕ್ರಿಸ್ಮಸ್ ಕಳೆದರೂ ಹಿಮ ಬೀಳಲಿಲ್ಲ. ಚಳಿ ಮಾತ್ರ ಬಿತ್ತು. ಬರಿಮೈಯ ನೆಲ ಕಲ್ಲಾಗಿ ಬಿರುಕು ಬಿಟ್ಟಿತು. ವಸಂತ ಬಂದಾಗ ಅತ್ತೆ ಯವ್ದೋಖಾಳ ತೋಟದಲ್ಲಿ ಸ್ಟ್ರಾಬೆರಿ ಇರಲಿಲ್ಲ, ಗುಲಾಬಿ ಇರಲಿಲ್ಲ, ಬೆಳ್ಳುಳ್ಳಿಯೂ ಹೋಯಿತೆಂದೇ ಎಲ್ಲರೂ ತಿಳಿದರು. ಆಗ ಹಿತ್ತಿಲಲ್ಲಿದ್ದ ಹಸುವಿನ ಕೊಟ್ಟಿಗೆಯ ಗೋಡೆಯ ಬುಡಕ್ಕೆ ಗಾಳಿ ತಂದು ಸುರಿದಿದ್ದ ಒಂದಿಷ್ಟು ಪುಡಿಹಿಮದ ಕೆಳಗಿದ್ದ ಕೆಲವು ಬೆಳ್ಳುಳ್ಳಿ ಗಿಡಗಳು ಮಾತ್ರ ತಲೆಯೆತ್ತಿದವು. ಯವ್ದೋಖಾ ಅಳಲಿಲ್ಲ, ದೇವರನ್ನು ಬೈಯಲಿಲ್ಲ. ಆ ವರ್ಷ ಮನೆಯಲ್ಲಿ ಯಾರ ನಾಲಿಗೆಗೂ ಬೆಳ್ಳುಳ್ಳಿ ತಗಲದಂತೆ ನೋಡಿಕೊಂಡಳು, ಅಷ್ಟೆ. ಉಳಿದದ್ದೆಲ್ಲ ಮತ್ತೆ ಮಣ್ಣಿಗೇ ಹೋಯಿತು.

"ಚಳಿ ಏನೂ ಮಾಡಲ್ಲ ಕಣೇ ಹುಡುಗಿ. ಮೈಮೇಲೆ ಹೊದಿಕೆ ಇರ್ಬೇಕು, ಅಷ್ಟೇ" ಎಂದು ಅತ್ತೆ ಹೇಳಿದ್ದನ್ನು ಪರಾಸ್ಕಾ ಮರೆಯಲಿಲ್ಲ.

ಊರಿನ ವೃದ್ಧಾಶ್ರಮದ ಬಟ್ಟೆ ಒಗೆಯುವ ಮನೆಯಲ್ಲಿ ದುಡಿದು, ಮಕ್ಕಳನ್ನು ಬೆಳೆಸಿ, ಕೆಲಸದಿಂದ ನಿವೃತ್ತಳಾಗುವ ಹೊತ್ತಿಗೆ ಆಕೆಯ ಕೈ ಒರಟಾಗಿತ್ತು, ತೋಟ ಮಾತ್ರ ವರ್ಷ ವರ್ಷಕ್ಕೆ ಮೆತ್ತಗಾಗಿತ್ತು. ಬೇರೆಯವರು ಶರತ್ಕಾಲದಲ್ಲಿ ತೋಟವನ್ನು ಗುಡಿಸಿ ಒಪ್ಪ ಮಾಡಿದರೆ ಆಕೆ ಸೂರ್ಯಕಾಂತಿಯ ಒಣ ದಂಟುಗಳನ್ನು ಹಾಗೆಯೇ ನಿಲ್ಲಿಸಿಬಿಡುತ್ತಿದ್ದಳು. ರಾಸ್ಪ್‌ಬೆರಿಯ ಕಡ್ಡಿಗಳನ್ನು ಕಂತೆ ಕಟ್ಟಿ ಗಾಳಿಗೆ ಅಡ್ಡವಾಗಿ ಇಡುತ್ತಿದ್ದಳು. ಬಯಲಿನ ಮೇಲೆ ಓಡಿಬರುವ ಗಾಳಿ ಆ ದಂಟುಗಳಿಗೆ ಎಡವಿ, ಹೊತ್ತು ತಂದ ಹಿಮವನ್ನು ಅಲ್ಲಿಯೇ ಇಳಿಸಿ ಹೋಗುತ್ತಿತ್ತು. ಜನವರಿಯಲ್ಲಿ ಆಕೆಯ ಪಾತಿಗಳ ಮೇಲೆ ಮೊಣಕಾಲು ಮೀರಿ ಹಿಮ. ಪ್ರತಿದಿನ ಒಂದು ಹಳೆಯ ಕೋಲನ್ನು ಹಿಮಕ್ಕೆ ಇಳಿಸಿ ಎತ್ತಿ, ಒದ್ದೆಯಾದ ಗುರುತು ನೋಡಿ, "ಸಾಕು, ಬೆಚ್ಚಗೆ ಮಲ್ಕೊಳ್ಳಿ" ಎಂದು ಹೇಳಿ ಒಳಗೆ ಬರುತ್ತಿದ್ದಳು.

ಆ ಹಿಮದ ಕೆಳಗೆ ಎಲ್ಲಕ್ಕಿಂತ ಬೆಲೆಯದ್ದು ಯವ್ದೋಖಾಳ ಬೆಳ್ಳುಳ್ಳಿ. ನೇರಳೆ ಸಿಪ್ಪೆ, ದಪ್ಪ ಎಸಳು, ಜಜ್ಜಿದರೆ ಪಕ್ಕದ ಕೋಣೆಯವರಿಗೆ ಹಸಿವಾಗುವಂಥ ವಾಸನೆ. ಕ್ರಿಸ್ಮಸ್ ಹಿಂದಿನ ಪವಿತ್ರ ಸಂಜೆಯ ಊಟಕ್ಕೆ ಮೇಜಿನ ನಾಲ್ಕು ಮೂಲೆಗಳಲ್ಲಿ ಹಾಸುಬಟ್ಟೆಯ ಕೆಳಗೆ ಇಡುವ ಎಸಳುಗಳಿಗೆ ಊರಿನ ಅರ್ಧ ಮನೆಗಳು ಪರಾಸ್ಕಾಳ ಮನೆಗೇ ಬರುತ್ತಿದ್ದವು. ಚರ್ಚಿನ ಹೆಂಗಸರು ಡಿಸೆಂಬರಿನಲ್ಲಿ ಸೇರಿ ಮಾಡುವ ಹಂದಿಮಾಂಸದ ಸಾಸೇಜು ಕೋವ್ಬಸಾಕ್ಕೆ ಬೇರೆ ಬೆಳ್ಳುಳ್ಳಿ ಹಾಕಿದ್ದು ಯಾರಿಗೂ ನೆನಪಿರಲಿಲ್ಲ.

ಈ ಕತೆ ನಡೆದ ವರ್ಷ ಕೋವ್ಬಸಾಕ್ಕೆ ಬೇಡಿಕೆ ಹೆಚ್ಚಾಗಿ, ಪರಾಸ್ಕಾ ತಿನ್ನುವ ಗಡ್ಡೆಗಳನ್ನು ಬಹುಮಟ್ಟಿಗೆ ಚರ್ಚಿನ ಅಡುಗೆಮನೆಗೆ ಕೊಟ್ಟುಬಿಟ್ಟಿದ್ದಳು. ಬೀಜಕ್ಕೆ ತೆಗೆದಿಟ್ಟಿದ್ದ ದೊಡ್ಡ ಗಡ್ಡೆಗಳನ್ನೆಲ್ಲ ಮನೆಯ ಹಿಂದಿನ ಒಂದೇ ಪಾತಿಯಲ್ಲಿ ಊರಿದ್ದಳು. ನೆಲಮಾಳಿಗೆಯ ಮೊಳೆಯಲ್ಲಿ ನೇತುಬಿದ್ದು ಉಳಿದಿದ್ದ ಬೆಳ್ಳುಳ್ಳಿಯ ಚಿಕ್ಕ ಸರ ಹಬ್ಬಕ್ಕೆ ಮುಗಿಯಿತು. ಹೀಗಾಗಿ ಯವ್ದೋಖಾಳ ಬೆಳ್ಳುಳ್ಳಿ ಎನ್ನುವುದು ಈ ಭೂಮಿಯ ಮೇಲೆ ಇನ್ನೂ ಇದ್ದರೆ, ಅದು ಆ ಒಂದು ಪಾತಿಯೊಳಗೆ ಮಾತ್ರ ಇತ್ತು. ಆಗ ಅದು ಆಕೆಗೆ ಭಯವೆನಿಸಲಿಲ್ಲ. ಹಿಮ ಚೆನ್ನಾಗಿ ಬಿದ್ದಿತ್ತು.

ಜನವರಿಯ ಮೊದಲ ವಾರದಲ್ಲಿ ಬರುವ ಹಳೆಯ ಪಂಚಾಂಗದ ಕ್ರಿಸ್ಮಸ್ ಕಳೆದ ಮೇಲೆ ಆಕೆ ಬಲಗಣ್ಣಿನ ಪೊರೆ ತೆಗೆಸಿಕೊಳ್ಳಲು ದೊಡ್ಡ ಊರಿಗೆ ಹೋದಳು. ಒಂದೆರಡು ದಿನ ಅಲ್ಲಿಯೇ ತಂಗಿಯ ಮಗಳ ಮನೆಯಲ್ಲಿ ಉಳಿದಳು. ಬಗ್ಗಬಾರದು, ಟೀ ಪಾತ್ರೆಗಿಂತ ಭಾರವಾದದ್ದನ್ನು ಎತ್ತಬಾರದು ಎಂದು ವೈದ್ಯರು ಎರಡೆರಡು ಸಲ ಹೇಳಿ ಕಳಿಸಿದರು.

ಕರೆದುಕೊಂಡು ಬರಲು ಗೆಳತಿ ಸ್ಟೆಫ್ಕಾ ತನ್ನ ಪಿಕಪ್ ತಂದಿದ್ದಳು. ಸ್ಟೆಫ್ಕಾ ಕೋವ್ಬಸಾ ತಂಡದ ಯಜಮಾನಿ. ಮಾಂಸ ಅರೆಯುವ ಯಂತ್ರಕ್ಕಿಂತ ಅವಳ ಬಾಯಿಯ ಸದ್ದು ಜೋರು ಎಂದು ಊರಿನವರು ಹೇಳುತ್ತಾರೆ.

"ಏನೇ, ಹೊಸ ಕಣ್ಣಲ್ಲಿ ನಾನು ಹೇಗೆ ಕಾಣ್ತೀನಿ?" ಎಂದು ದಾರಿಯಲ್ಲಿ ಕೇಳಿದಳು.

"ಮೊದಲೇ ಚೆನ್ನಾಗಿತ್ತು. ಮಬ್ಬುಮಬ್ಬಾಗಿ ಕಾಣ್ತಿದ್ದಾಗ ನಿನಗೆ ಸುಕ್ಕೇ ಇರ್ಲಿಲ್ಲ."

"ಇಲ್ಲೇ ಇಳಿಸಿಬಿಡ್ತೀನಿ ನೋಡು. ನಡ್ಕೊಂಡು ಬಾ."

ನಗುತ್ತಲೇ ಮನೆಯ ತಿರುವು ತಿರುಗಿದರು. ಪರಾಸ್ಕಾಳ ನಗು ಅಲ್ಲಿಯೇ ನಿಂತಿತು. ಮನೆಯ ಹಿಂದೆ, ಬೆಳ್ಳಗಿನ ಅಂಗಳದ ನಡುವೆ, ಇಸ್ತ್ರಿಪೆಟ್ಟಿಗೆ ಮರೆತಿಟ್ಟು ಸುಟ್ಟ ಬಟ್ಟೆಯ ಹಾಗೆ ಒಂದು ಕಪ್ಪು ಚೌಕ. ಬೆಳ್ಳುಳ್ಳಿ ಪಾತಿಯ ಮಣ್ಣು ಬಿಸಿಲಿಗೆ ಮಿನುಗುತ್ತಿತ್ತು. ಸೂರ್ಯಕಾಂತಿಯ ದಂಟುಗಳನ್ನು ಕತ್ತರಿಸಿ ಬೇಲಿಯ ಪಕ್ಕ ಬೆಂಕಿಕಡ್ಡಿಗಳಂತೆ ಜೋಡಿಸಿಟ್ಟಿತ್ತು. ಪಾತಿಯ ಮೇಲೆ ಹಾಸಿದ್ದ ಗೋಧಿಹುಲ್ಲು ಕೂಡ ಇರಲಿಲ್ಲ.

"ಇದೇನೇ ಇದು, ಯಾರಾದ್ರೂ ಸತ್ರಾ?" ಎಂದಳು ಸ್ಟೆಫ್ಕಾ. ಹೊಸದಾಗಿ ತೋಡಿದ ಗುಂಡಿಯ ಹಾಗೆಯೇ ಕಾಣುತ್ತಿತ್ತು.

ಒಳಗೆ ಪರಾಸ್ಕಾಳ ಗಂಡ ನೆಸ್ತೋರ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದ. ಮಂಡಿ ಎರಡೂ ಹೋಗಿ ವರ್ಷಗಳಾಗಿದ್ದವು. ದುಡಿಯುವ ಕಾಲವೆಲ್ಲ ರೈಲುಹಳಿಯ ಮೇಲಿನ ಹಿಮ ತೆಗೆದವನು ಅವನು. ಅವನ ಪಾಲಿಗೆ ಹಿಮವೆಂದರೆ ದಾರಿ ಕಟ್ಟುವ ಶತ್ರು. ತೋಟ ಹೆಂಡತಿಯ ರಾಜ್ಯ. ಅಲ್ಲಿ ಏನಿದೆ, ಏಕಿದೆ ಎಂದು ಅವನು ಎಂದೂ ತಲೆ ಕೆಡಿಸಿಕೊಂಡವನಲ್ಲ.

"ನೋಡ್ದ್ಯಾ?" ಎಂದ ಹೆಮ್ಮೆಯಿಂದ. "ಪಕ್ಕದ ಮನೆ ಡೆಲ್ಫಿನ್ ನಿನ್ನೆ ಇಡೀ ದಿನ ಒಬ್ನೇ ಮಾಡ್ದ! ಎಂಥಾ ಕೆಲಸಗಾರ ಗೊತ್ತಾ? ನಮ್ಮ ರೈಲ್ವೇಲಿ ಇದ್ದಿದ್ರೆ ಮೇಸ್ತ್ರಿ ಮಾಡ್ತಿದ್ವಿ."

"ನೀನು ನೋಡ್ತಾ ಕೂತಿದ್ಯಾ?"

"ಬರೀ ನೋಡಿದ್ನಾ? ಕೋಲಲ್ಲಿ ಕಿಟಕಿ ಬಡಿದು ಬಡಿದು ತೋರಿಸ್ದೆ, ಆ ಮೂಲೇಲಿ ಇನ್ನೊಂಚೂರಿದೆ, ಈ ಮೂಲೇಲಿ ಉಳೀತು ಅಂತ. ನೆಲ ಕಾಣೋವರ್ಗೂ ಬಿಡ್ಲಿಲ್ಲ."

ಸ್ಟೆಫ್ಕಾ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. "ಅಯ್ಯೋ ನನ್ನ ರೈಲ್ವೆ ಸಾಹೇಬ! ನಿನ್ನ ಬೆಳ್ಳುಳ್ಳಿ ಮೇಲೆ ಯಾವ ರೈಲು ಬರಬೇಕಾಗಿತ್ತಪ್ಪಾ?"

ನೆಸ್ತೋರ್ ಹೆಂಡತಿಯ ಮುಖ ನೋಡಿದ. ಅವನ ಹೆಮ್ಮೆ ಇಳಿಯತೊಡಗಿತು. "ಯಾಕೆ? ತಪ್ಪಾಯ್ತಾ?"

ಪರಾಸ್ಕಾ ಉತ್ತರ ಕೊಡುವ ಮೊದಲೇ ಬಾಗಿಲು ಬಡಿದ ಸದ್ದಾಯಿತು. ಡೆಲ್ಫಿನ್ ಸ್ವತಃ ಬಂದಿದ್ದ. ನಲವತ್ತು ದಾಟಿದ ಆಳು, ಫಿಲಿಪ್ಪೀನ್ಸಿನ ಬೆಟ್ಟದ ಊರಿನವನು. ಹೆಂಡತಿ ನೆನಿತಾಳ ಜೊತೆ ಬೇಸಿಗೆಯ ಕೊನೆಯಲ್ಲಿ ಪಕ್ಕದ ಮನೆಗೆ ಬಂದಿದ್ದ. ಇಬ್ಬರಿಗೂ ವೃದ್ಧಾಶ್ರಮದಲ್ಲಿ ಕೆಲಸ. ಬಂದ ವಾರವೇ ಪರಾಸ್ಕಾ ಬೀಟ್‌ರೂಟಿನ ಸಾರು, ಉಪ್ಪಿನಕಾಯಿ ಹಾಕಿದ ಸೌತೆಕಾಯಿ ಕೊಟ್ಟು ಬಂದಿದ್ದಳು. ಆ ಋಣ ತೀರಿಸಲು ದಾರಿ ಹುಡುಕುತ್ತಿದ್ದವನ ಕೈಯಲ್ಲಿ ಈಗ ಹಬೆಯಾಡುವ ಶಾವಿಗೆಯ ತಟ್ಟೆ ಇತ್ತು, ಮುಖದಲ್ಲಿ ತಡೆಯಲಾಗದ ಸಂತೋಷ.

"ಲೋಲಾ, ಕಣ್ಣು ಹೇಗಿದೆ? ಕಾಣ್ಸುತ್ತಾ?" ಎಂದ. ಅವರ ಮಾತಿನಲ್ಲಿ ಅಜ್ಜಿಗೆ ಲೋಲಾ ಎನ್ನುತ್ತಾರೆ.

"ಕಾಣ್ಸುತ್ತಪ್ಪ. ಎಲ್ಲಾ ಕಾಣ್ಸುತ್ತೆ."

"ನಿಮ್ಮ ಗಿಡ ಪಾಪ ಅಷ್ಟು ಮಂಜಿನ ಕೆಳಗೆ ಸಿಕ್ಕಿಹಾಕ್ಕೊಂಡಿದ್ವು ಲೋಲಾ. ನಮ್ಮ ಬೆಟ್ಟದಲ್ಲಿ ತರಕಾರಿ ಎಲೆ ಮೇಲೆ ಇಬ್ಬನಿ ಗಟ್ಟಿಯಾದ್ರೆ ಸೂರ್ಯ ಹುಟ್ಟೋಕೆ ಮುಂಚೆ ಎದ್ದು ನೀರು ಹಾಕಿ ತೊಳೀತೀವಿ. ಬಿಟ್ರೆ ಎಲೆ ಸುಟ್ಟುಹೋಗುತ್ತೆ. ನಮ್ಮಪ್ಪ ಒಂದು ಬೆಳಿಗ್ಗೆ ಮಲಗಿಬಿಟ್ಟಿದ್ದಕ್ಕೆ ಇಡೀ ಬೆಳೆ ಹೋಯ್ತು. ಅದಕ್ಕೇ ನಾನು ನೋಡ್ತಾ ಇರೋಕೆ ಆಗ್ಲಿಲ್ಲ. ಹುಲ್ಲೂ ಒದ್ದೆಯಾಗಿತ್ತು, ಚೀಲಕ್ಕೆ ತುಂಬಿ ಕಸದ ಲಾರಿಗೆ ಹಾಕ್ದೆ." ಆಮೇಲೆ ಸ್ಟೆಫ್ಕಾಳ ಕಡೆ ತಿರುಗಿ, ತಲೆ ಬಾಗಿಸಿ, "ನಾಳೆ ನನಗೆ ರಜ. ನಾಳೆ ನಿಮ್ಮ ತೋಟ! ಆಮೇಲೆ ಚರ್ಚ್ ಮುಂದಿನ ಹೂವಿನ ಪಾತಿ" ಎಂದ.

ಸ್ಟೆಫ್ಕಾಳ ಬಾಯಿಂದ ಮಾತು ಹೊರಡದೆ ಹೋದದ್ದನ್ನು ನೆಸ್ತೋರ್ ಅಂದೇ ಮೊದಲು ನೋಡಿದ್ದು.

ಪರಾಸ್ಕಾ ತಟ್ಟೆ ತೆಗೆದುಕೊಂಡಳು. ಅವನ ಕೈ ನೋಡಿದಳು. ಬೆರಳ ಸಂದುಗಳಲ್ಲಿ ಚರ್ಮ ಒಡೆದು ಕೆಂಪಾಗಿತ್ತು. ಸಲಿಕೆ ಹಿಡಿದು ಅಂಗೈಯಲ್ಲಿ ಬೊಬ್ಬೆಗಳು ಎದ್ದಿದ್ದವು. ಬೈಯಬೇಕೆಂದು ಗಂಟಲಿಗೆ ಬಂದ ಮಾತು ಆ ಕೈಗಳನ್ನು ಕಂಡು ಕೆಳಗಿಳಿಯಿತು.

"ಇಡೀ ದಿನ ಚಳೀಲಿ ನಿಂತು ಮಾಡಿದ್ದೀಯ. ನನಗೋಸ್ಕರ ಇಷ್ಟು ಯಾರೂ ಮಾಡಿರ್ಲಿಲ್ಲಪ್ಪ" ಎಂದಳು. ಅದು ಸುಳ್ಳಾಗಿರಲಿಲ್ಲ.

ಅವನು ಹೋದ ಮೇಲೆ ಸ್ಟೆಫ್ಕಾಳ ಬಾಯಿ ತೆರೆಯಿತು. "ನನಗೋಸ್ಕರ ಯಾರೂ ಮಾಡಿರ್ಲಿಲ್ಲ ಅಂತೆ! ಹಿಟ್ಲರ್ ಕೂಡ ಮಾಡಿರ್ಲಿಲ್ಲ! ರೇಡಿಯೋದಲ್ಲಿ ಕೇಳ್ಲಿಲ್ವಾ? ನಾಳೆ ರಾತ್ರಿಯಿಂದ ಸೊನ್ನೆಗೆ ನಲವತ್ತು ಕೆಳಗೆ ಅಂತೆ, ಒಂದು ವಾರ. ಹೋಗಿ ಹೇಳು ಅವನಿಗೆ."

"ಹೇಳಲ್ಲ" ಎಂದಳು ಪರಾಸ್ಕಾ. "ಅವನಿಗೆ ಇದು ಮೊದಲ ಚಳಿಗಾಲ. ಇಲ್ಲೇ ಇರೋಣ್ವಾ, ವಾಪಸ್ ಹೋಗೋಣ್ವಾ ಅಂತ ನೆನಿತಾ ದಿನಾ ಕೇಳ್ತಾಳಂತೆ. ಅವನ ಕೈ ನೋಡಿದ್ಯಾ?"

"ಹಂಗಾದ್ರೆ ಬೆಳ್ಳುಳ್ಳಿ?"

"ನಾವೇ ಹಿಮ ತಂದು ಹಾಕೋಣ."

"ಯಾರು ನಾವೇ? ನೀನು ಬಗ್ಗಂಗಿಲ್ಲ. ನನ್ನ ಎದೆ ಮೆಟ್ಟಿಲು ಹತ್ತಿದ್ರೇನೇ ಡೋಲು ಬಡಿಯುತ್ತೆ. ಇನ್ನು ಇವನು" ಎಂದು ನೆಸ್ತೋರ್ ಕಡೆ ಗಲ್ಲ ತೋರಿಸಿದಳು, "ಇವನು ಕಿಟಕಿ ಬಡೀತಾನೆ."

ನೆಸ್ತೋರ್ ಆ ಮಾತಿಗೆ ಸಿಟ್ಟಾಗಲಿಲ್ಲ. ಕುರ್ಚಿಯಿಂದ ಏಳಲು ನೋಡಿದ, ಮಂಡಿ ಬಿಡಲಿಲ್ಲ, ಮತ್ತೆ ಕೂತ. "ನನಗೆ ಗೊತ್ತಿರ್ಲಿಲ್ಲ ಕಣೇ" ಎಂದ ಸಣ್ಣ ದನಿಯಲ್ಲಿ.

ಪರಾಸ್ಕಾ ಕಿಟಕಿಯ ಹತ್ತಿರ ಹೋಗಿ ನಿಂತಳು. ಡೆಲ್ಫಿನ್ ತೆಗೆದ ಹಿಮ ಬೀದಿಬದಿಗೆ ಹೋಗಿತ್ತು. ಊರಿನ ಯಂತ್ರ ಅದನ್ನು ಬಾಚಿಕೊಂಡು ಹೋಗಿತ್ತು. ಉಳಿದ ರಾಶಿಯಲ್ಲಿ ರಸ್ತೆಗೆ ಚೆಲ್ಲುವ ಉಪ್ಪು ಬೆರೆತು ಕಂದು ಬಣ್ಣ ಬಂದಿತ್ತು. ಅದನ್ನು ಪಾತಿಗೆ ಹಾಕಿದರೆ ಚಳಿಯಿಂದ ಉಳಿದದ್ದೂ ಉಪ್ಪಿನಿಂದ ಸಾಯುತ್ತದೆ. ಆಗಲೇ ಒಂದು ರಾತ್ರಿ ಬರಿಮೈಯಲ್ಲಿ ಕಳೆದಿದೆ. ಪಕ್ಕದ ಮನೆಯ ಜಗಲಿಯಲ್ಲಿ ಡೆಲ್ಫಿನ್ ನಾಳೆಗೆಂದು ಸಲಿಕೆಯ ಹಿಡಿಗೆ ಬಟ್ಟೆ ಸುತ್ತುತ್ತಿದ್ದ.

ಅದನ್ನು ನೋಡುತ್ತ ಆಕೆಗೆ ಬೇರೆಯ ಯೋಚನೆ ಬಂತು. ನಾಳೆ ಅವನು ಸ್ಟೆಫ್ಕಾಳ ತೋಟಕ್ಕೆ ಹೋಗುತ್ತಾನೆ. ಅಲ್ಲಿಂದ ಇನ್ನೊಬ್ಬರ ತೋಟಕ್ಕೆ. ಯಾರೋ ಒರಟು ಬಾಯಿಯವರು ನಾಲ್ಕು ಜನರ ಮುಂದೆ ಅವನಿಗೆ ಹೇಳುತ್ತಾರೆ. ಆಗ ಅವನು ಕೇಳುವ ಮೊದಲ ಪ್ರಶ್ನೆ ಒಂದೇ: ಲೋಲಾಗೆ ಗೊತ್ತಿತ್ತೆ? ಗೊತ್ತಿದ್ದೂ ನನ್ನ ಶಾವಿಗೆ ತಿಂದು ಸುಮ್ಮನಿದ್ದಳೆ? ಅವನ ಮನಸ್ಸು ನೋಯಿಸಬಾರದು ಎಂದುಕೊಂಡದ್ದು ತನ್ನ ಬಾಯಿಗೆ ಸುಲಭವಾಗಲಿ ಎಂದೇ ಹೊರತು ಅವನ ಒಳ್ಳೆಯದಕ್ಕಲ್ಲ ಎಂದು ಆಕೆಗೆ ಅನ್ನಿಸಿತು.

ಕೋಟು ಹಾಕಿಕೊಂಡಳು. ಸ್ಟೆಫ್ಕಾ "ನಾನೂ ಬರ್ತೀನಿ" ಎಂದಾಗ, "ನೀನು ಬಂದ್ರೆ ಅವನು ಇವತ್ತೇ ವಿಮಾನ ಹತ್ತುತ್ತಾನೆ. ಇಲ್ಲೇ ಕೂತು ಶಾವಿಗೆ ತಿನ್ನು" ಎಂದು ಹೇಳಿ ಒಬ್ಬಳೇ ಹೋದಳು.

ಡೆಲ್ಫಿನ್‌ನನ್ನು ಕರೆದು ತಂದು ಪಾತಿಯ ಅಂಚಿನಲ್ಲಿ ನಿಲ್ಲಿಸಿದಳು. "ನಾನು ಬಗ್ಗಂಗಿಲ್ಲ. ನೀನು ಬಗ್ಗಿ ಮಣ್ಣು ಮುಟ್ಟು. ಕೈಗವಸು ತೆಗೆದು ಮುಟ್ಟು."

ಅವನು ಮುಟ್ಟಿದ. ಬೆರಳಿನಿಂದ ಕೆದಕಲು ನೋಡಿದ. ಉಗುರು ಜಾರಿತು. ಮಣ್ಣು ಕಬ್ಬಿಣವಾಗಿತ್ತು.

"ಈಗ ಅಲ್ಲಿ" ಎಂದು ಆಕೆ ಬೇಲಿಯ ಹತ್ತಿರ ತೋರಿಸಿದಳು. ಅಲ್ಲಿ ರಾಸ್ಪ್‌ಬೆರಿ ಸಾಲಿನ ಬುಡದಲ್ಲಿ ಅವನ ಸಲಿಕೆ ತಲುಪದ ಹಿಮ ಹಾಗೆಯೇ ಇತ್ತು. "ತೋಳು ಪೂರ್ತಿ ಒಳಗೆ ಹಾಕು. ನೆಲ ಸಿಗೋವರ್ಗೂ."

ಅವನು ಹಿಮದಲ್ಲಿ ಮಂಡಿಯೂರಿ ಭುಜದವರೆಗೆ ತೋಳಿಳಿಸಿದ. ಕೆಳಗೆ ಎಲೆಗಳು ಮೆತ್ತಗಿದ್ದವು. ಅದರ ಕೆಳಗಿನ ಮಣ್ಣು ತಣ್ಣಗಿತ್ತು, ಆದರೆ ಒತ್ತಿದರೆ ಬೆರಳಿಗೆ ದಾರಿ ಬಿಡುತ್ತಿತ್ತು. ಅವನು ಮೇಲೆ ನೋಡಿದ. ಮುಖದ ಸಂತೋಷವೆಲ್ಲ ಹೋಗಿತ್ತು. ರೈತನ ಮಗ, ಇನ್ನೊಂದು ಮಾತು ಹೇಳಬೇಕಾಗಿರಲಿಲ್ಲ.

"ಕೊಂದುಬಿಟ್ನಾ ಲೋಲಾ?"

"ಗೊತ್ತಿಲ್ಲ" ಎಂದಳು ಪರಾಸ್ಕಾ. ಇಲ್ಲ ಎಂದು ಹೇಳಬಹುದಿತ್ತು, ಹೇಳಲಿಲ್ಲ. "ಏಪ್ರಿಲ್ ಬಂದ್ರೆ ಗೊತ್ತಾಗುತ್ತೆ. ನಿಮ್ಮೂರಲ್ಲಿ ನೀನು ಮಾಡಿದ್ದೇ ಸರಿ. ಅಲ್ಲಿ ನೀನು ಮಲಗಿದ್ರೆ ತಪ್ಪಾಗೋದು. ಇಲ್ಲಿ ಚಳೀನೇ ಬೇರೆ, ಅದಕ್ಕೆ ಹಿಮ ಬೇಕು. ನನ್ನ ಅತ್ತೆ ಊರಿದ ಬೀಜ ಇದು. ಇದ್ದದ್ದೆಲ್ಲ ಇಲ್ಲೇ ಇದೆ. ಮನೇಲಿ ಒಂದು ಎಸಳೂ ಇಲ್ಲ. ನಾಳೆ ರಾತ್ರಿ ಒಳಗೆ ಮುಚ್ಚಬೇಕು. ನನಗೆ ನಿನ್ನ ತೋಳು ಬೇಕು ಮಗಾ."

ಅವನು ಎದ್ದು ನಿಂತ. ಕ್ಷಮೆ ಕೇಳಲು ಬಾಯಿ ತೆರೆದ. ಆಕೆ ಕೈಯೆತ್ತಿ ತಡೆದಳು. "ಅದೆಲ್ಲ ಆಮೇಲೆ. ಕತ್ತಲಾಗುತ್ತೆ."

ಅಂಗಳದ ಬಯಲಲ್ಲಿ ಗಾಳಿ ಉಳಿಸಿದ್ದು ತೆಳು ಪದರ ಮಾತ್ರ. ಉಪ್ಪು ತಗಲದ ಹಿಮ ಹತ್ತಿರದಲ್ಲಿ ಆಳವಾಗಿ ಇದ್ದದ್ದು ಒಂದೇ ಕಡೆ. ಚರ್ಚಿನ ಹಿಂದಿನ ಸ್ಮಶಾನದಲ್ಲಿ ಸ್ಪ್ರೂಸ್ ಮರಗಳ ಸಾಲು ಗಾಳಿಗೆ ಅಡ್ಡ ನಿಂತು ಹಿಮವನ್ನೆಲ್ಲ ಗೋರಿಗಳ ನಡುವೆ ಸುರಿಸಿಕೊಳ್ಳುತ್ತದೆ. ಪರಾಸ್ಕಾ ಅಲ್ಲಿಗೆ ಹೋಗೋಣವೆಂದಾಗ ಸ್ಟೆಫ್ಕಾ ಪಿಕಪ್ಪಿನ ಬಾಗಿಲು ಹಿಡಿದು ನಿಂತುಬಿಟ್ಟಳು.

"ಸತ್ತೋರ ಹೊದಿಕೆ ಕಿತ್ತು ಬೆಳ್ಳುಳ್ಳಿಗೆ ಹೊದಿಸ್ತೀಯಾ? ನಾಳೆ ನಾನೂ ಅಲ್ಲೇ ಮಲಗಬೇಕು ಕಣೇ!"

"ನೀನು ಮಲಗಿದ್ಮೇಲೆ ನಿನ್ನದನ್ನ ಮುಟ್ಟಲ್ಲ. ನಡಿ."

ಸ್ಮಶಾನದಲ್ಲಿ ಯವ್ದೋಖಾಳ ಗೋರಿಯ ಶಿಲುಬೆಯ ತುದಿ ಮಾತ್ರ ಹಿಮದ ಮೇಲೆ ಕಾಣುತ್ತಿತ್ತು. ಪರಾಸ್ಕಾ ಅದರ ಮುಂದೆ ನಿಂತು ಶಿಲುಬೆಯ ಗುರುತು ಹಾಕಿಕೊಂಡಳು. ಡೆಲ್ಫಿನ್ ಟೋಪಿ ತೆಗೆದ, ಅವನೂ ಹಾಕಿಕೊಂಡ.

"ಅಮ್ಮಾ" ಎಂದಳು ಪರಾಸ್ಕಾ ಎಲ್ಲರಿಗೂ ಕೇಳುವಂತೆ, "ನಿಮ್ಮ ಮಗ ಇದ್ದಾನಲ್ಲ, ಅವನು ಕಿಟಕೀಲಿ ಕೂತು ನಿಮ್ಮ ಬೆಳ್ಳುಳ್ಳಿ ಹೊದಿಕೆ ತೆಗೆಸಿದ. ಬೈಯೋದಿದ್ರೆ ಅವನಿಗೆ ಬೈಯಿರಿ. ಈ ನಮ್ಮ ಪಕ್ಕದ ಮನೆಯೋನು ಪ್ರೀತಿಯಿಂದ ಮಾಡಿದ್ದು, ಅವನಿಗೆ ಬೇಡ. ನಿಮ್ಮ ಮೇಲಿಂದ ಸ್ವಲ್ಪ ಹಿಮ ತಗೋತೀವಿ. ಬೆಳ್ಳುಳ್ಳಿ ನಿಮ್ಮದೇ, ಬೇರೆಯೋರದ್ದಲ್ಲ."

ಸ್ಟೆಫ್ಕಾ ಶಿಲುಬೆಯ ಕಡೆಗೆ ಕಿವಿಗೊಟ್ಟು ನಿಂತಳು. ಆಮೇಲೆ, "ಏನೂ ಅನ್ಲಿಲ್ಲ. ಬದುಕಿದ್ದಾಗ ಇಷ್ಟು ಸುಲಭಕ್ಕೆ ಒಪ್ಪಿದ್ದು ನಾನು ನೋಡಿಲ್ಲ" ಎಂದಳು. ಡೆಲ್ಫಿನ್ ಮೊದಲ ಸಲಿಕೆ ಹಾಕಿದ.

ಅವನು ಫೋನು ಮಾಡಿ ಕರೆದದ್ದಕ್ಕೆ ವೃದ್ಧಾಶ್ರಮದ ಅವನ ಜೊತೆಗಾರರು ಹಗಲುಪಾಳಿ ಮುಗಿಸಿ ಬಟ್ಟೆತೊಟ್ಟಿಗಳನ್ನು ಹಿಡಿದುಕೊಂಡು ಬಂದರು. ಸ್ಟೆಫ್ಕಾ ಕೋವ್ಬಸಾ ತಂಡದ ಹೆಂಗಸರನ್ನು ಕರೆಸಿದಳು. ಅವರು ಮಾಂಸ ಕಲೆಸುವ ದೊಡ್ಡ ಪಾತ್ರೆಗಳನ್ನು ತಂದರು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ಮಾತ್ರ ತಿಳಿಯುತ್ತಿತ್ತು. ಅಷ್ಟೇ ಸಾಕಾಯಿತು. ಗೋರಿಗೆ ಇಷ್ಟಿಷ್ಟೇ ಎಂದು, ಯಾವ ಮನೆಯ ಹಿರಿಯರಿಗೂ ಪೂರ್ತಿ ಬರಿದಾಗದಂತೆ ಹೆಂಗಸರು ನೋಡಿಕೊಂಡರು. ಪಿಕಪ್ ಸ್ಮಶಾನಕ್ಕೂ ಹಿತ್ತಿಲಿಗೂ ಓಡಾಡಿತು.

ಹಿತ್ತಿಲಲ್ಲಿ ಪರಾಸ್ಕಾ ಕೋಲೂರಿ ನಿಂತಿದ್ದಳು. ಎತ್ತುವಂತಿಲ್ಲ, ಬಗ್ಗುವಂತಿಲ್ಲ, ಬಾಯಿ ಮಾತ್ರ ಇತ್ತು. ಒಬ್ಬ ಸುರಿದ ಹಿಮವನ್ನು ಸಲಿಕೆಯ ಬೆನ್ನಿನಿಂದ ತಟ್ಟಲು ಹೋದ. "ತಟ್ಟಬೇಡ! ಕೋಳಿಮರಿ ಮೇಲೆ ಕಂಬಳಿ ಹಾಕಿದ ಹಾಗೆ ಹಾಕು. ಒಳಗೆ ಗಾಳಿ ಇದ್ರೇನೇ ಬೆಚ್ಚಗೆ" ಎಂದು ಕೂಗಿದಳು. ಡೆಲ್ಫಿನ್ ತಾನು ಕತ್ತರಿಸಿದ ದಂಟುಗಳನ್ನು ಹೊತ್ತು ತಂದು ಗಾಳಿ ಬರುವ ಕಡೆಗೆ ಮತ್ತೆ ಅಡ್ಡ ನಿಲ್ಲಿಸಿದ.

ನೆಸ್ತೋರ್ ಹೇಗೋ ಜಗಲಿಯವರೆಗೆ ಬಂದು, ಕಂಬಳಿ ಸುತ್ತಿಕೊಂಡು ಕೂತು, ಕೋಲಿನಿಂದ ತೋರಿಸತೊಡಗಿದ. "ಆ ಮೂಲೇಲಿ ಕಡಿಮೆ ಆಯ್ತು! ಅಲ್ಲಿಗೆ ಇನ್ನೊಂದು ತೊಟ್ಟಿ!"

"ನಿನ್ನೆ ಅದೇ ಮೂಲೆಯಿಂದ ತೆಗೆಸಿದ್ದು ನೀವೇ ಅಲ್ವಾ ಮಾಮ?" ಎಂದು ಒಬ್ಬಳು ಕೆಣಕಿದಳು.

"ರೈಲ್ವೇಲಿ ಮೇಲಿಂದ ಆರ್ಡರ್ ಬದಲಾದ್ರೆ ನಾವು ಯಾಕೆ ಅಂತ ಕೇಳ್ತಿರ್ಲಿಲ್ಲ" ಎಂದ ನೆಸ್ತೋರ್. ಎಲ್ಲರೂ ನಕ್ಕರು. ಪರಾಸ್ಕಾಳೂ ನಕ್ಕಳು. ಕಪ್ಪು ಚೌಕ ಮುಚ್ಚಿಹೋಗಿತ್ತು.

ರೇಡಿಯೋ ಹೇಳಿದ ದಿನವೇ ಚಳಿ ಬಂತು. ಮನೆಯ ಮರದ ಗೋಡೆಗಳಲ್ಲಿ ಮೊಳೆಗಳು ಗುಂಡು ಹೊಡೆದಂತೆ ಸಿಡಿದವು. ಹೊರಗೆ ಉಸಿರಾಡಿದರೆ ಹುಬ್ಬು ಬೆಳ್ಳಗಾಗುತ್ತಿತ್ತು. ಪರಾಸ್ಕಾ ಎಂದಿನಂತೆ ಹಿಟ್ಟು ನಾದಿದಳು, ಕಿಟಕಿಯ ಮೇಲೆ ಈರುಳ್ಳಿ ಬೀಜಕ್ಕೆ ತಟ್ಟೆ ಸಿದ್ಧ ಮಾಡಿದಳು, ಮಲಗುವ ಮುಂಚೆ ಎಂದಿನಂತೆ ಪ್ರಾರ್ಥಿಸಿದಳು. ಹಿಮಕ್ಕೆ ಕೃತಜ್ಞತೆ, ಕಣ್ಣಿಗೆ ಕೃತಜ್ಞತೆ, ತೊಟ್ಟಿ ಹೊತ್ತವರ ಹೆಸರು ಒಂದೊಂದಾಗಿ. ಹೆಸರು ಗೊತ್ತಿಲ್ಲದವರಿಗೆ "ಆ ಕೆಂಪು ಟೋಪಿಯವನು" ಎಂದಳು.

"ಬೆಳ್ಳುಳ್ಳಿ ಬದುಕುತ್ತೋ ಇಲ್ವೋ ಗೊತ್ತಿಲ್ಲ. ಈಗ್ಲೇ ಯಾಕೆ ಇಷ್ಟು ಕೃತಜ್ಞತೆ?" ಎಂದು ನೆಸ್ತೋರ್ ಹಾಸಿಗೆಯಿಂದ ಕೇಳಿದ.

"ಅವರು ಹೊತ್ತಿದ್ದು ಆಗ್ಲೇ ಆಯ್ತಲ್ಲ. ಬೆಳ್ಳುಳ್ಳಿ ಹೋದ್ರೆ ಅದೇನು ಹೊರಲಿಲ್ಲ ಅಂತ ಆಗುತ್ತಾ?" ಎಂದು ಹೇಳಿ ಆಕೆ ದೀಪ ಆರಿಸಿದಳು. ಆದರೆ ನಿದ್ದೆ ಬರಲಿಲ್ಲ. ಪಕ್ಕದಲ್ಲಿ ಅವನಿಗೂ ಬಂದಿರಲಿಲ್ಲವೆಂದು ಉಸಿರಿನಿಂದ ತಿಳಿಯುತ್ತಿತ್ತು.

ಏಪ್ರಿಲಿನಲ್ಲಿ ಹಿಮ ಕರಗಿತು. ಡೆಲ್ಫಿನ್ ಕೆಲಸಕ್ಕೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಬೇಲಿಯ ಹತ್ತಿರ ನಿಲ್ಲುತ್ತಿದ್ದ. ಕೆದಕಬೇಡವೆಂದು ಆಕೆ ಹೇಳಿದ್ದರೂ ಒಂದು ದಿನ ತಡೆಯಲಾರದೆ ಪಾತಿಯ ನಡುವೆ ಬೆರಳು ಹಾಕಿ ಒಂದು ಎಸಳು ತೆಗೆದ. ಅದು ಕೊಳೆತು ಬೆರಳ ನಡುವೆ ಮೆತ್ತಗೆ ಹಿಸುಕಿಹೋಯಿತು. ಮುಚ್ಚಿಡದೆ ತಂದು ತೋರಿಸಿದ.

ಪರಾಸ್ಕಾ ಮೂಸಿ ನೋಡಿದಳು. "ಇದು ಹೋಗಿದೆ" ಎಂದಳು. "ಪಕ್ಕದ್ದೂ ಹೋಗಿದೆ ಅಂತ ಇದು ಹೇಳಲ್ಲ. ಬಿಡು."

ಮೇ ತಿಂಗಳ ಮೊದಲಲ್ಲಿ ಅಂಚುಗಳಲ್ಲಿ ಹಸಿರು ಮೂಡಿತು. ಮೊದಲು ಬೇಲಿಯ ಕಡೆ, ಆಮೇಲೆ ಮನೆಯ ಕಡೆ. ನಡುವಿನ ಭಾಗ, ಗಾಳಿ ನೇರವಾಗಿ ಹೊಡೆದಿದ್ದ ಕಡೆ, ಬರಿದಾಗಿಯೇ ಉಳಿಯಿತು. ಹೋದದ್ದು ಉಳಿದದ್ದಕ್ಕಿಂತ ಹೆಚ್ಚು. ಆಕೆ ಬರಿದಾದ ಭಾಗದ ಮುಂದೆ ತುಂಬಾ ಹೊತ್ತು ನಿಂತಿದ್ದಳು. ಮಾರನೆಯ ದಿನ ಡೆಲ್ಫಿನ್‌ನನ್ನು ಕರೆದು, "ಈ ಜಾಗ ಸುಮ್ಮನೆ ಯಾಕೆ ಬಿಡೋದು? ನಿಮ್ಮೂರಲ್ಲಿ ಏನು ಚೆನ್ನಾಗಿ ಬೆಳೀತಿದ್ದೆ?" ಎಂದು ಕೇಳಿದಳು.

"ಎಲೆಕೋಸು, ಲೋಲಾ."

"ಹಾಕು ಮತ್ತೆ."

ಅವನು ಹಾಕಿದ. ಆ ಬೇಸಿಗೆಯ ದೀರ್ಘ ಹಗಲುಗಳಲ್ಲಿ ಆ ಎಲೆಕೋಸು ಬೆಳೆದ ಪರಿಯನ್ನು ಕಂಡು ಸ್ಟೆಫ್ಕಾ, "ಇದನ್ನ ತೊಟ್ಟಿಲಲ್ಲಿ ಮಲಗಿಸಬೇಕು, ಅನ್ನ ಸುತ್ತೋಕಲ್ಲ" ಎಂದಳು. ಆದರೂ ಚರ್ಚಿನ ಹೆಂಗಸರು ಅದರ ಎಲೆಗಳಲ್ಲೇ ಅನ್ನ ಸುತ್ತಿ ಬೇಯಿಸಿದರು. ಬೆಳ್ಳುಳ್ಳಿ ಮಾತ್ರ ಆ ವರ್ಷ ಅಡುಗೆಮನೆಗೆ ಹೋಗಲಿಲ್ಲ. ಕೋವ್ಬಸಾಕ್ಕೆ ಅಂಗಡಿಯ ಬೆಳ್ಳುಳ್ಳಿ ಬಿತ್ತು. ತಿಂದವರೆಲ್ಲ ರುಚಿಯಿಲ್ಲ ಎಂದರು. ಪರಾಸ್ಕಾ ಮಾತ್ರ ತನ್ನ ಪಾಲನ್ನು ಪೂರ್ತಿ ತಿಂದು, ಚೆನ್ನಾಗಿದೆ ಎಂದಳು.

ಊರುವ ಕಾಲ ಅದಕ್ಕೂ ಮುಂಚೆ, ಅಕ್ಟೋಬರಿನಲ್ಲಿ ಬಂದಿತ್ತು. ಉಳಿದ ಗಡ್ಡೆಗಳನ್ನೆಲ್ಲ ಆಕೆ ಬಿಡಿಸಿ, ಎಸಳುಗಳನ್ನು ಎರಡು ಬುಟ್ಟಿಗೆ ಸಮನಾಗಿ ಹಾಕಿದಳು. ಒಂದನ್ನು ತನ್ನ ಪಾತಿಯ ಪಕ್ಕ ಇಟ್ಟಳು. ಇನ್ನೊಂದನ್ನು ಬೇಲಿಯ ಮೇಲಿಂದ ಚಾಚಿದಳು.

ಡೆಲ್ಫಿನ್ ಕೈ ಮುಂದೆ ಮಾಡಲಿಲ್ಲ. "ನನ್ನ ಹತ್ರಾನಾ ಲೋಲಾ? ಕೊಂದೋನು ನಾನೇ ಅಲ್ವಾ?"

"ಎಲ್ಲಾನೂ ಒಂದೇ ಕಡೆ ಊರಿದ್ದು ನಾನು. ಅದು ನನ್ನ ತಪ್ಪು, ಇನ್ನೊಂದು ಸಲ ಮಾಡಲ್ಲ" ಎಂದಳು ಪರಾಸ್ಕಾ. "ಇನ್ನು ಯಾರಿಗೆ ಕೊಡೋದು ಅಂತ ಯೋಚಿಸ್ದೆ. ಪಾತಿ ಮೇಲಿನ ಹಿಮ ಮುಟ್ಟಬಾರದು ಅಂತ ಈ ಊರಲ್ಲಿ ನಿನ್ನಷ್ಟು ಚೆನ್ನಾಗಿ ಗೊತ್ತಿರೋರು ಯಾರಿದ್ದಾರೆ ಹೇಳು?"

ಅವನು ಬುಟ್ಟಿ ತೆಗೆದುಕೊಂಡ. ಸ್ವಲ್ಪ ಹೊತ್ತು ಅದನ್ನು ಎದೆಗೆ ಒತ್ತಿ ಹಿಡಿದಿದ್ದು, ಆಮೇಲೆ ಎಷ್ಟು ಆಳಕ್ಕೆ ಊರಬೇಕು ಎಂದು ಕೇಳಿದ. ಪರಾಸ್ಕಾ ಬೇಲಿಯ ಮೇಲಿಂದ ಬೆರಳು ಚಾಚಿ, ಗಿಣ್ಣಿನ ಹತ್ತಿರ ಇನ್ನೊಂದು ಬೆರಳಿಟ್ಟು ತೋರಿಸಿದಳು.